ಕೆನೆಯಲ್ಲ, ಎಣ್ಣೆ

ನನ್ನ ಹೊಟ್ಟೆಯಲ್ಲಿ ಈಗ ಉಳಿದಿರುವುದು ಒಂದೂವರೆ ಮೊಳ ಸಣ್ಣ ಕರುಳು. ಡಾಕ್ಟರು ಅಳತೆ ಹೇಳಿದ್ದು ಸೆಂಟಿಮೀಟರಿನಲ್ಲಿ. ಮೊಳಕ್ಕೆ ತಿರುಗಿಸಿಕೊಂಡವಳು ನಾನು. ದಿನಾ ಹೂವು ಕೊಳ್ಳುವ ಹೆಂಗಸಿಗೆ ಮೊಳವೇ ಸರಿಯಾಗಿ ಅರ್ಥವಾಗುವುದು. ಉಳಿದ ಕರುಳೆಲ್ಲ ಮೂರು ವರ್ಷದ ಹಿಂದೆ, ರಕ್ತನಾಳ ಕಟ್ಟಿಕೊಂಡು ಒಂದೇ ದಿನದಲ್ಲಿ ಕಪ್ಪಗಾಗಿ ಹೋಯಿತು. ಉಂಡದ್ದು ಮೈಗೆ ಹತ್ತಲು ಇಷ್ಟು ಕರುಳು ಸಾಲದು. ಅದಕ್ಕೇ ವಾರದಲ್ಲಿ ಐದು ದಿನ ಸಂಜೆ ಎದೆಯ ಮೇಲಿನ ನಳಿಗೆಗೆ ಒಂದು ಬಿಳಿ ಚೀಲ ಜೋಡಿಸಿಕೊಂಡು ಬೆಳಗಿನವರೆಗೆ ನೇರವಾಗಿ ರಕ್ತಕ್ಕೇ ಊಟ ಬಡಿಸುತ್ತೇನೆ. ಬೆಳಿಗ್ಗೆ ಎದ್ದು ನಳಿಗೆ ಬಿಡಿಸಿ, ತೊಳೆದು, ಮುಚ್ಚಿ, ಸೀರೆ ಉಟ್ಟು ಡೈರಿಗೆ ಹೋಗುತ್ತೇನೆ. ಇದನ್ನು ಬರೆಯುತ್ತಿರುವುದು ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಲ್ಲ. ಅಯ್ಯೋ ಪಾಪ ಬೇಕಾದಷ್ಟು ಬಂದಿದೆ, ಯಾರಿಗಾದರೂ ಬೇಕಿದ್ದರೆ ಕೊಡಬಲ್ಲೆ.

ನಾನು ನಮ್ಮೂರಿನ ಹಾಲಿನ ಸಂಘದಲ್ಲಿ ಹಾಲು ಪರೀಕ್ಷಕಿ. ಅಂಜನಾಪುರ ಜಲಾಶಯದ ನಾಲೆ ಹಾದುಹೋಗುವ ಊರು ನಮ್ಮದು, ಶಿಕಾರಿಪುರಕ್ಕೆ ಹತ್ತಿರ. ಹೊಲದ ಜೊತೆಗೆ ಮನೆಗೊಂದೆರಡು ಹಸು, ಎಮ್ಮೆ ಇದ್ದೇ ಇರುತ್ತವೆ. ಸಾಲಾಗಿ ಬರುವ ಕ್ಯಾನುಗಳಿಂದ ಸ್ಯಾಂಪಲ್ ತೆಗೆದು ಕೊಬ್ಬಿನ ಫ್ಯಾಟು, ಗಟ್ಟಿತನದ ಡಿಗ್ರಿ ನೋಡಿ ಹೇಳುವುದು ನನ್ನ ಕೆಲಸ. ಯಂತ್ರ ಇದೆ. ಆದರೆ ಹದಿನಾಲ್ಕು ವರ್ಷ ಅಲ್ಲಿ ನಿಂತವಳಿಗೆ ಕ್ಯಾನಿನ ಮುಚ್ಚಳ ತೆಗೆದಾಗಲೇ ಅರ್ಧ ಗೊತ್ತಾಗಿರುತ್ತದೆ. ನೀರು ಬೆರೆಸಿದವರು ನನ್ನ ಮುಖ ನೋಡುವುದಿಲ್ಲ, ಮಾಡಿನ ತಗಡು ನೋಡುತ್ತ ನಿಲ್ಲುತ್ತಾರೆ. ಗಿರಿಜಮ್ಮನ ಬಾಯಿ ಜೋರು ಎಂದು ಊರಲ್ಲಿ ನನಗೆ ಹೆಸರು. ಇರಲಿ ಬಿಡಿ. ಪರೀಕ್ಷಕಿಯ ಬಾಯಿ ಮೆತ್ತಗಾದರೆ ಸಂಘದ ಹಾಲು ತೆಳ್ಳಗಾಗುತ್ತದೆ.

ಆ ದಿನ ಹೊಟ್ಟೆನೋವು ಬಂದಾಗ ಅಜೀರ್ಣ ಅಂದುಕೊಂಡೆ. ಅತ್ತೆ ಅಜವಾನದ ನೀರು ಕುದಿಸಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಉರುಳಾಡುತ್ತಿದ್ದೆ. ನಮ್ಮ ಯಜಮಾನರು ಬಾಡಿಗೆ ಲಗೇಜ್ ಗಾಡಿ ಓಡಿಸುತ್ತಾರೆ. ಅದರಲ್ಲೇ ಹಾಸಿಗೆ ಹಾಸಿ ಶಿಕಾರಿಪುರಕ್ಕೆ ತಂದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ಮುಂದಿನ ಕೆಲವು ದಿನ ನನಗೆ ನೆನಪಿಲ್ಲ. ಅತ್ತೆ ಮತ್ತು ಇವರು ಶಸ್ತ್ರಕ್ರಿಯೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದರಂತೆ. ಪಕ್ಕದವರು ಕೊಟ್ಟ ಇಡ್ಲಿಯನ್ನು ಅತ್ತೆ ಕೈಯಲ್ಲಿ ಹಿಡಿದುಕೊಂಡೇ ಇದ್ದು ಸಂಜೆ ಹಾಗೇ ವಾಪಸ್ ಕೊಟ್ಟರಂತೆ. ಇದನ್ನು ಇವರು ಎಷ್ಟೋ ತಿಂಗಳ ಮೇಲೆ ಹೇಳಿದರು.

ಆ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದೆ. ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಸಾವಿನ ಹೆದರಿಕೆಯಲ್ಲ. ಇನ್ನು ಮನೆಗೆ ಹೋಗುವುದಿಲ್ಲವೇನೋ ಎಂಬ ಹೆದರಿಕೆ. ಎದುರು ಮಂಚದ ಹೆಂಗಸಿಗೆ ಡಿಸ್ಚಾರ್ಜ್ ಆದರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಇಷ್ಟೇ ಇಷ್ಟು ಉಳಿದ ಆ ಹೊಟ್ಟೆ. ವಾರ್ಡಿನ ಆಯಾ ಒಬ್ಬರಿದ್ದರು. ಸಂಜೆ ಕೆಲಸ ಮುಗಿಸಿ ಹೊರಡುವ ಮೊದಲು ನನ್ನ ತಲೆ ಬಾಚಿ ಜಡೆ ಹೆಣೆದು ಹೋಗುತ್ತಿದ್ದರು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಉದುರಿದ ಕೂದಲನ್ನು ನನಗೆ ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ನನಗೆ ಕಾಣುತ್ತಿತ್ತು, ಕಾಣದವಳ ಹಾಗೆ ಇರುತ್ತಿದ್ದೆ.

ಮನೆಗೆ ಕಳಿಸಲು ಡಾಕ್ಟರಿಗೆ ಮನಸ್ಸಿರಲಿಲ್ಲ. ಈ ಊಟವನ್ನು ಮನೆಯಲ್ಲಿ ಮಾಡಿಕೊಳ್ಳುವವರು ನಮ್ಮ ಕಡೆ ಬಹಳ ಕಡಿಮೆ. ನಳಿಗೆಗೆ ಸೋಂಕು ತಗುಲಿದರೆ ಜೀವಕ್ಕೇ ಸಂಚಕಾರ. ನಾನು ಬಿಡಲಿಲ್ಲ. ಕೊನೆಗೆ ಅವರು ಷರತ್ತು ಹಾಕಿದರು: ಆರು ತಿಂಗಳು ನೋಡುವುದು, ನಡುವೆ ಏನಾದರೂ ಎಡವಟ್ಟಾದರೆ ಆಸ್ಪತ್ರೆಯ ಹತ್ತಿರವೇ ಬಾಡಿಗೆ ರೂಮು ಹಿಡಿದು ಇರಬೇಕು. ನಾನು ಒಪ್ಪಿದೆ. ಎಂಥ ಷರತ್ತಾದರೂ ಒಪ್ಪುತ್ತಿದ್ದೆ.

ಚೀಲದ ಪಾಠ ಹೇಳಿದವಳು ಆಸ್ಪತ್ರೆಯ ಫಾರ್ಮಸಿಯ ಅನಿತಾ. ಕರಾವಳಿಯ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಚೀಲದಲ್ಲಿ ಮೂರು ಕೋಣೆ. ಒಂದರಲ್ಲಿ ಸಕ್ಕರೆ ನೀರು, ಒಂದರಲ್ಲಿ ಪ್ರೋಟೀನಿನ ನೀರು, ಇನ್ನೊಂದರಲ್ಲಿ ಹಾಲಿನಂಥ ಬಿಳಿ ಕೊಬ್ಬು. ಒತ್ತಿ ಸುರುಳಿ ಸುತ್ತಿದರೆ ನಡುವಿನ ಗೋಡೆಗಳು ಬಿಟ್ಟುಕೊಂಡು ಮೂರೂ ಬೆರೆಯುತ್ತವೆ. ಬೆರೆಸಿದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು.

"ಮೇಲೆ ಬಿಳಿ ಕೆನೆ ಕಟ್ಟಿದ್ರೆ ಮೆಲ್ಲ ಮಗುಚಿ ಅಕ್ಕ. ಬೆರ್ತು ಹೋದ್ರೆ ತೊಂದ್ರೆ ಇಲ್ಲ. ಹಳದಿ ಎಣ್ಣೆ ಕಂಡ್ರೆ ಮಾತ್ರ ಹಾಕ್ಲಿಕ್ಕಿಲ್ಲ. ಅದು ಮತ್ತೆ ಸೇರುದಿಲ್ಲ," ಎಂದಳು.

"ಬೆಣ್ಣೆ ಬಂದ ಮೇಲೆ ಮಜ್ಜಿಗೆಗೆ ವಾಪಸ್ ಹೋಗ್ತೈತೇನವ್ವ? ಹಂಗೆ ಅಲ್ಲೇನು?" ಎಂದೆ.

ಅವಳು ನನ್ನನ್ನೇ ನೋಡಿದಳು. "ಇದನ್ನೇ ನಾನು ಒಂದು ಗಂಟೆ ಹೇಳ್ಬೇಕು ಅಂತ ಇದ್ದೆ," ಎಂದಳು. ಮೂರು ತಿಂಗಳಲ್ಲಿ ನನಗೆ ಮೊದಲ ಸಲ ಜಂಬ ಬಂತು. ಅಷ್ಟು ದಿನ ಎಲ್ಲರೂ ನನಗೆ ಹೇಳುವವರೇ ಆಗಿದ್ದರು.

ಊರಿಗೆ ಬಂದೆ. ನನಗಿಂತ ಮೊದಲು ಸುದ್ದಿ ಬಂದಿತ್ತು. "ಗಿರಿಜಾಗೆ ಹಾಲನ್ನ ರಕ್ತದಾಗೆ ಏರಿಸ್ತಾರಂತೆ" ಎಂದು ಒಬ್ಬರು, "ಡೈರಿ ಹಾಲೇ ಇರ್ಬೇಕು" ಎಂದು ಇನ್ನೊಬ್ಬರು. ತವರಿನವರು ಆನವಟ್ಟಿ ಕಡೆಯಿಂದ ಬಸ್ಸು ಹತ್ತಿ ಬಂದು ಬಾಳೆಹಣ್ಣು, ಬಿಸ್ಕತ್ತು ಇಟ್ಟು, ತಿನ್ನಲಾಗದವಳ ಮುಂದೆ ಅವೇ ಯಾಕೆ ತಂದೆವೆಂದು ತಾವೇ ಮುಖ ಸಪ್ಪಗೆ ಮಾಡಿಕೊಂಡರು. ಬೀದಿಯಲ್ಲಿ ಸಿಕ್ಕವರು ವಾಡಿಕೆಯ ಹಾಗೆ "ಊಟ ಆತೇನವ್ವ?" ಎಂದು ಕೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. "ಸಂಜಿಕ್ಕೆ ಐತ್ರಿ, ಹನ್ನೆರಡು ತಾಸಿನ ಊಟ. ನಿಮ್ದು ಹತ್ತು ನಿಮಿಷಕ್ಕೆ ಮುಗಿತೈತಿ," ಎನ್ನುತ್ತಿದ್ದೆ. ನಗುವವರು ನಗುತ್ತಿದ್ದರು.

ನನ್ನ ಅತ್ತೆಯ ಬಗ್ಗೆ ಹೇಳಬೇಕು. ಎಪ್ಪತ್ತು ದಾಟಿದವರು, ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ನೀರೂ ಹಾಕದವರು. ಡ್ಯಾಮಿನ ರಸ್ತೆಯಲ್ಲಿ ಒಂದು ಮೀನಿನ ಅಂಗಡಿ ಇದೆ ಎಂಬ ಒಂದೇ ಕಾರಣಕ್ಕೆ ಹೊಲಕ್ಕೆ ಹೋಗಲು ಕಾಲುವೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗುವವರು. ನಾನು ಚೀಲ ಜೋಡಿಸುವಾಗ ಬಾಗಿಲ ಹೊರಗೆ ನಿಂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೈ ತೊಳೆಯುವುದರಲ್ಲಿ ನಾನು ಅವರಿಗೆ ಕಲಿಸುವುದು ಏನೂ ಇರಲಿಲ್ಲ. ವಿಭೂತಿಯನ್ನು ಮಾತ್ರ ಚೀಲದ ಹತ್ತಿರ ತರಬೇಡಿ ಎಂದಿದ್ದೆ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಚೀಲ ತೂಗುಹಾಕುವ ಮೊಳೆಗೆ ದೂರದಿಂದಲೇ ಕೈ ಮುಗಿದರು.

ಐದನೆಯ ತಿಂಗಳು ಅದು ನಡೆಯಿತು. ಬೇಸಿಗೆ ಮುಗಿಯುವ ಹೊತ್ತು. ತಪಾಸಣೆಗೆಂದು ನಾನು ಮತ್ತು ಇವರು ಘಟ್ಟದ ಕೆಳಗೆ ಹೋಗಿ ಮೂರು ದಿನ ಅಲ್ಲಿದ್ದೆವು. ಮನೆಯಲ್ಲಿ ಅತ್ತೆ ಒಬ್ಬರೇ. ಹೊರಗೆ ಸೆಖೆ ಜಾಸ್ತಿ ಎಂದು ನಾಲ್ಕು ಚೀಲಗಳನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟು ಹೋಗಿದ್ದೆ. ನಾವು ಹೋದ ದಿನವೇ ದೊಡ್ಡ ಗಾಳಿ ಬಂದು ಕಂಬಗಳು ಉರುಳಿ ಎರಡು ದಿನ ಕರೆಂಟಿರಲಿಲ್ಲ. ನಾವು ವಾಪಸ್ ಬರುವ ಹೊತ್ತಿಗೆ ಬಂದಿತ್ತು. ಗಾಬರಿಯಿಂದ ಫ್ರಿಜ್ಜು ತೆಗೆದೆ. ನಾಲ್ಕೂ ಚೀಲ ತಣ್ಣಗೆ ಕೂತಿದ್ದವು.

"ಹೆದರಬ್ಯಾಡ. ಒಂದು ಗಳಿಗಿನೂ ಬಿಸಿಯಾಗಾಕೆ ಬಿಟ್ಟಿಲ್ಲ ನಾನು," ಎಂದರು ಅತ್ತೆ. ಹೇಗೆ ಎಂದು ಕೇಳಿದರೆ, ಎಮ್ಮೆಗೆ ಹುಲ್ಲು ಹಾಕಬೇಕೆಂದು ಹೊರಗೆ ಹೋದರು.

ಸಂಜೆ ಕಿಟಕಿಯ ಹತ್ತಿರ ನಿಂತು ಒಂದು ಚೀಲವನ್ನು ಬೆರೆಸಿದೆ. ಮೇಲೆ ಒಂದು ಪಟ್ಟಿ ಕಟ್ಟಿತು. ಕೆನೆ ಇರಬಹುದೆಂದು ಮೆಲ್ಲಗೆ ಮಗುಚಿದೆ. ಮತ್ತೆ ಮಗುಚಿದೆ. ಪಟ್ಟಿ ಒಡೆದು ಸಣ್ಣ ಸಣ್ಣ ಹನಿಗಳಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಜಾರತೊಡಗಿತು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಓಡಾಡುವ ಹಾಗೆ. ಹಳದಿ ಬಣ್ಣ.

ಅತ್ತೆಯೂ ನೋಡಿದರು. "ಎಷ್ಟು ಚಲೋ ಕೆನಿ ಕಟ್ಟೇತಿ ನೋಡು. ಕಸುವೆಲ್ಲ ಮ್ಯಾಲೆ ಬಂದೇತಿ," ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷ ಇತ್ತು. ನಮ್ಮಲ್ಲಿ ಯಾರ ಮನೆಯ ಹಾಲು ದಪ್ಪ ಕೆನೆ ಕಟ್ಟುತ್ತದೋ ಅವರದೇ ಒಳ್ಳೆಯ ಎಮ್ಮೆ, ಅವರದೇ ಒಳ್ಳೆಯ ಮನೆ. ಅರವತ್ತು ವರ್ಷ ಹಾಲು ಕಾಯಿಸಿದ ಹೆಂಗಸು ಬೇರೆ ಏನು ಹೇಳಿಯಾರು?

"ಇದು ಕೆನೆ ಅಲ್ಲತ್ತೆ, ಎಣ್ಣೆ. ಒಡೆದೈತಿ. ಹಾಕಾಕೆ ಬರಂಗಿಲ್ಲ," ಎಂದೆ. ಉಳಿದ ಮೂರು ಚೀಲಗಳನ್ನು ಬೆರೆಸದೆಯೇ ಬೆಳಕಿಗೆ ಹಿಡಿದೆ. ಬಿಳಿಯ ಕೋಣೆಯಲ್ಲಿ ಸಣ್ಣ ಹರಳು ಹರಳು, ಅಂಚಿನಲ್ಲಿ ಅದೇ ಹಳದಿ ಗೆರೆ.

ಇವರು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಆಸ್ಪತ್ರೆಯಿಂದ ಚೀಲಗಳ ಮುಂದಿನ ಪೆಟ್ಟಿಗೆ ಬರುವುದು ನಾಲ್ಕು ದಿನದ ಮೇಲೆ. "ಫೋನ್ ಮಾಡಿದ್ರೆ ಏನಂತಾರೆ ಗೊತ್ತೈತಲ್ಲ? ಇದೇ ನೆಪ ಮಾಡಿ ನಿನ್ನ ಅಲ್ಲೇ ಇಟ್ಕೊಂತಾರೆ. ನಳಿಗೆ ನಡುವೆ ಜಾಲರಿ ಐತಲ್ಲ, ಎಣ್ಣೆ ಅದ್ರಾಗೆ ನಿಲ್ತೈತಿ. ಒಂದು ದಿನ ಹಾಕಿ ನೋಡು," ಎಂದರು.

ಅವರನ್ನು ಬೈಯಲು ನನ್ನಿಂದಾಗಲಿಲ್ಲ. ನನ್ನನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದೇ ಅವರು ಹಾಗೆ ಹೇಳಿದ್ದು. ನನ್ನ ಮನಸ್ಸೂ ಒಂದು ಕ್ಷಣ ಅದೇ ಕಡೆ ಜಾರಿತು. ಫೋನ್ ಮಾಡಿದರೆ ಈ ಮನೆ, ಈ ಕಿಟಕಿ, ಮುಂದಿನ ತಿಂಗಳು ಮತ್ತೆ ಹೋಗಬೇಕೆಂದಿದ್ದ ಡೈರಿ, ಎಲ್ಲ ಕೈಬಿಟ್ಟು ಹೋಗುತ್ತದೆ. ಮಾಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಹಾಗೆ ಚೀಲ ಹಿಡಿದು ಕೂತ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ, ಆ ಕ್ಷಣ ನಿಮಗೂ ಬರುತ್ತದೆ. ಬಂದಾಗ ನಾಚಿಕೆಪಡಬೇಡಿ. ನನಗೂ ಬಂದಿತ್ತು.

ಚೀಲದ ಫೋಟೊ ತೆಗೆದು ಅನಿತಾಗೆ ವಾಟ್ಸಾಪಿನಲ್ಲಿ ಕಳಿಸಿ, ಫೋನ್ ಮಾಡಿದೆ.

"ಹಾಕ್ಬೇಡಿ ಅಕ್ಕ. ಜಾಲರಿಯನ್ನು ನಂಬ್ಲಿಕ್ಕಾಗುದಿಲ್ಲ. ಅದು ಶ್ವಾಸಕೋಶದಲ್ಲಿ ಹೋಗಿ ಕೂತ್ರೆ ಕಷ್ಟ ಉಂಟು. ನಾಲ್ಕನ್ನೂ ತೆಗೆದಿಡಿ, ಬಿಸಾಡ್ಬೇಡಿ," ಎಂದಳು. ರಕ್ತದ ಸಕ್ಕರೆ ಇಳಿಯಬಾರದೆಂದು ಆಗಲೇ ಶಿಕಾರಿಪುರದ ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಳ್ಳಲು ಹೇಳಿದಳು. ಹೊಸ ಚೀಲಗಳನ್ನು ಮರುದಿನದ ಬಸ್ಸಿಗೆ ಹಾಕಿಸುವುದಾಗಿಯೂ ಹೇಳಿದಳು. ಆಮೇಲೆ ದನಿ ಇಳಿಸಿ, "ಡಾಕ್ಟ್ರಿಗೆ ಹೇಳ್ಲೇಬೇಕು ಅಕ್ಕ," ಎಂದಳು.

"ಹೇಳವ್ವ," ಎಂದೆ.

ಶಿಕಾರಿಪುರದಲ್ಲಿ ನರ್ಸು ಎದೆಯ ನಳಿಗೆಗೆ ಕೈ ಹಾಕಲು ಬಂದಾಗ ತಡೆದು, ಕೈಯ ನರಕ್ಕೇ ಹಾಕಿಸಿಕೊಂಡೆ. "ಬಾಳ ತಿಳಿದಾಕಿ ಅದೀರಿ ನೀವು," ಎಂದರು ಆಕೆ. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಡಾಕ್ಟರು ಸೋಮವಾರಕ್ಕೆ ಕರೆದರು. ಮನೆಯವರೆಲ್ಲ ಬನ್ನಿ, ಆ ಚೀಲಗಳನ್ನೂ ತನ್ನಿ ಎಂದರು. ಟೋಕನ್ ಹಿಡಿದು ಬೆಂಚಿನ ಮೇಲೆ ಮೂವರೂ ಕೂತೆವು. ಇವರು ಆಗಲೇ ರೂಮಿನ ಬಾಡಿಗೆ ವಿಚಾರಿಸಲು ಯಾರದೋ ನಂಬರು ಬರೆದುಕೊಂಡಿದ್ದರು. ಎದುರಿಗೆ ಕೂತಿದ್ದ ಹೆಂಗಸು "ಯಾವೂರು? ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರೆ, ಅತ್ತೆ ನನ್ನ ಕೈ ಹಿಡಿದುಕೊಂಡರು.

ಒಳಗೆ ಡಾಕ್ಟರ ಮೇಜಿನ ಮೇಲೆ ನಾಲ್ಕು ಚೀಲ ಸಾಲಾಗಿ ಮಲಗಿದ್ದವು. ಅನಿತಾ ಗೋಡೆಗೊರಗಿ ನಿಂತಿದ್ದಳು. ಡಾಕ್ಟರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ತಣ್ಣಗೆ, "ಗಿರಿಜಮ್ಮ, ನಿಮ್ಮ ತಪ್ಪು ಅಂತ ನಾನು ಹೇಳ್ತಾ ಇಲ್ಲ. ನಿಮ್ಮ ಊರಿನಲ್ಲಿ ಎರಡೆರಡು ದಿನ ಕರೆಂಟ್ ಇರೋದಿಲ್ಲ. ಸೆಖೆಗೆ ಚೀಲ ಒಡೆದಿದೆ. ಮಳೆಗಾಲ ಬೇರೆ ಬರ್ತಾ ಇದೆ. ಇಲ್ಲೇ ಹತ್ತಿರ ಇದ್ದುಬಿಡಿ," ಎಂದರು.

ನನಗೆ ಬಾಯಿ ಬರಲಿಲ್ಲ. ಊರಲ್ಲಿ ಜೋರು ಎಂದು ಹೆಸರಾದ ಬಾಯಿ.

ಅತ್ತೆ ಎದ್ದು ನಿಂತರು.

"ಕರೆಂಟಿಂದಲ್ಲ ಡಾಕ್ಟ್ರೆ. ನಂದು ತಪ್ಪು," ಎಂದರು. "ಫ್ರಿಜ್ಜು ಬಂದ್ ಆತು. ಹಾಲು ಕೆಡ್ತೈತಲ್ಲ ಅಂತ ಜೀವ ತಡೀಲಿಲ್ಲ. ಡ್ಯಾಮಿನ ರಸ್ತೆಯಾಗೆ ಮೀನಿನ ಅಂಗಡಿ ಐತಿ. ಅವನತ್ರ ಜನರೇಟ್ರು ಐತಿ, ಐಸಿನ ಪೆಟಿಗಿ ಐತಿ. ಸ್ಟೀಲ್ ಡಬ್ಬ್ಯಾಗೆ ಹಾಕಿ, ಮ್ಯಾಲೆ ಅರಿವಿ ಕಟ್ಟಿ, ಅವನ ಪೆಟಿಗ್ಯಾಗೆ ಇಟ್ಟು ಬಂದೆ. ಎರಡು ದಿನ ಇತ್ತು. ಕಲ್ಲಿನಂಗೆ ಆಗಿತ್ತು. ಮನಿಗೆ ತಂದು ಫ್ರಿಜ್ಜಿನಾಗೆ ಇಟ್ಟೆ, ಕರಗಿತು."

ಇವರು ಬಾಯಿ ತೆರೆದುಕೊಂಡು ತಾಯಿಯ ಮುಖ ನೋಡುತ್ತಿದ್ದರು. ಮೀನಿನ ವಾಸನೆ ಬರುತ್ತದೆಂದು ನಲವತ್ತು ವರ್ಷ ಸುತ್ತು ದಾರಿ ಹಿಡಿದ ಹೆಂಗಸು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ ಇಟ್ಟುಕೊಂಡು ಆ ಅಂಗಡಿಯ ಮುಂದೆ ಹೋಗಿ ನಿಂತು ಜಾಗ ಕೇಳಿದ್ದಾರೆ. ಬಂದು ತಲೆಯ ಮೇಲೆ ನೀರು ಹಾಕಿಕೊಂಡು ಮತ್ತೆ ಪೂಜೆಗೆ ಕೂತಿದ್ದಾರೆ. ಮನೆಯಲ್ಲಿ ಬಾಯಿ ಬಿಡದಿದ್ದದ್ದು ಮೀನಿನ ನಾಚಿಕೆಗೆ. ಐಸೇ ತಪ್ಪು ಎಂಬುದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಫೋನಿನಾಗೆ ಆ ಹುಡುಗಿ ಹಾಕಬ್ಯಾಡ ಅಂದಾಗ, ಮೀನಿನ ಮೈಲಿಗಿಗೆ ಹಿಂಗಾತೇನೋ ಅಂತ ಅವತ್ತಿಂದ ಅನ್ನ ಇಳಿದಿಲ್ಲ ನನಗೆ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವಳದೇನೂ ತಪ್ಪಿಲ್ಲ. ಇವಳನ್ನ ಮನಿಗೆ ಕಳಸ್ರಿ."

ಅನಿತಾ ಮುಂದೆ ಬಂದು ಅತ್ತೆಯ ಭುಜ ಹಿಡಿದುಕೊಂಡಳು. "ಮೀನಿನಿಂದ ಏನೂ ಆಗಿಲ್ಲ ಅಜ್ಜಿ. ಇದು ಐಸ್ ಆದ್ರೆ ಕೊಬ್ಬೆಲ್ಲ ಬೇರೆಯಾಗ್ತದೆ. ನೆರಳಲ್ಲಿ ನೆಲದ ಮೇಲೆ ಇಟ್ಟು ನನಗೊಂದು ಫೋನ್ ಮಾಡಿದ್ರೆ ಸಾಕಿತ್ತು," ಎಂದಳು.

ಡಾಕ್ಟರು ಒಂದು ಚೀಲ ಎತ್ತಿ ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ಯಾಕೆ ಒಡೆಯಿತು ಅಂತ ನಿಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ಬೇರೆ ಚೀಲ ಇರಲಿಲ್ಲ. ಹೇಳಿದರೆ ನಾನು ಇಲ್ಲಿಗೇ ಕರೆಸುತ್ತೇನೆ ಅಂತ ಗೊತ್ತಿತ್ತು. ಆದರೂ ಫೋನ್ ಮಾಡಿದಿರಿ."

ಈಗ ನನ್ನ ಬಾಯಿ ವಾಪಸ್ ಬಂತು.

"ಕೆಟ್ಟಿದ್ದು ಕಣ್ಣಿಗೆ ಬಿದ್ದ ಮೇಲೆ ನಮ್ಮ ಮನೀ ಕ್ಯಾನ್ ಆದ್ರೂ ನಾನು ಒಳಗೆ ಬಿಡೋದಿಲ್ಲ ಡಾಕ್ಟ್ರೆ. ಅತ್ತೆನ ಕೇಳ್ರಿ, ಅವರ ಎಮ್ಮಿ ಹಾಲೇ ಎರಡು ಸಲ ವಾಪಸ್ ಕಳಿಸೀನಿ."

"ಹೌದ್ರಿ, ಕಳಿಸ್ಯಾಳ," ಎಂದರು ಅತ್ತೆ, ಅಳುತ್ತಲೇ.

ಅನಿತಾ ನಕ್ಕಳು. ಡಾಕ್ಟರು ನಗಲಿಲ್ಲ, ಆದರೆ ಫೈಲು ಎಳೆದುಕೊಂಡು ಇಂಗ್ಲಿಷಿನಲ್ಲಿ ಏನೋ ಬರೆಯತೊಡಗಿದರು. ಏನೆಂದು ಆಮೇಲೆ ಅನಿತಾ ಓದಿ ಹೇಳಿದಳು. ಚೀಲವನ್ನು ರೋಗಿಯೇ ಪರೀಕ್ಷಿಸುತ್ತಾರೆ, ಅವರ ಪರೀಕ್ಷೆಯನ್ನು ನಂಬಬಹುದು ಎಂದು ಇತ್ತಂತೆ. ಆ ಪುಟದ ನಕಲನ್ನು ನಾನು ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷದ ಕೆಲಸಕ್ಕೆ ಸಂಘದವರು ಒಂದು ಶಾಲನ್ನೂ ಹೊದಿಸಿಲ್ಲ. ನನ್ನ ಪಾಲಿಗೆ ಇದೇ ಶಾಲು.

ಬರೆಯುವುದನ್ನು ನಡುವೆ ನಿಲ್ಲಿಸಿ ಡಾಕ್ಟರು ಅತ್ತೆಯನ್ನು ಕೇಳಿದರು: "ಅಮ್ಮ, ಇನ್ನೊಂದು ಸಲ ಕರೆಂಟ್ ಹೋದರೆ ಚೀಲ ಎಲ್ಲಿ ಇಡ್ತೀರಿ?"

ಅತ್ತೆ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತರು. "ಗಿರಿಜಾ ಎಲ್ಲಿ ಇಡು ಅಂತಾಳೋ ಅಲ್ಲಿ," ಎಂದರು.

ಹದಿನೆಂಟು ವರ್ಷದ ಸಂಸಾರದಲ್ಲಿ ನಮ್ಮ ಅಡುಗೆಮನೆಯ ಒಂದು ಉಪ್ಪಿನ ಡಬ್ಬಿಯನ್ನೂ ನಾನು ಹೇಳಿದ ಕಡೆ ಇಟ್ಟವರಲ್ಲ ಅವರು. ಡಾಕ್ಟರು ಮನೆಗೆ ಹೋಗುವ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.